ಪದವಿಯ ನಂತರದ ಎರಡು ವರ್ಷ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ತಿಂಗಳುಗಳಲ್ಲಿ ನಮ್ಮ ಪಟ್ಟಣಗಳ ಸಮುದಾಯ ಭವನಗಳಿಗೆ ಬಿಡುವಿರುವುದಿಲ್ಲ. ಪ್ರತಿಭಾ ಪುರಸ್ಕಾರ, ಶಾಲು, ಸ್ಮರಣಿಕೆ, ವೇದಿಕೆ ತುಂಬ ಗಣ್ಯರು, ಕೆಳಗೆ ಕಣ್ಣೊರೆಸಿಕೊಳ್ಳುವ ತಾಯಂದಿರು. ಇದು ಸಂತೋಷದ ವಿಷಯವೇ ಸರಿ. ಒಂದು ಕಾಲದಲ್ಲಿ ಇಂತಹ ಸಭೆಗಳಲ್ಲಿ ಸನ್ಮಾನಿಸಲು ಸಾಕಷ್ಟು ಮಕ್ಕಳೇ ಸಿಗುತ್ತಿರಲಿಲ್ಲ ಎಂಬುದನ್ನು ಹಿರಿಯರು ಮರೆತಿರಲಾರರು. ಆದರೆ ಅದೇ ವೇದಿಕೆಯಲ್ಲಿ ಮೂರು ವರ್ಷಗಳ ಹಿಂದೆ ಶಾಲು ಹೊದ್ದ ಹುಡುಗ ಹುಡುಗಿಯರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಸಂಘಟಕರಲ್ಲಿ ಯಾರಾದರೂ ವಿಚಾರಿಸಿದ್ದುಂಟೇ? ವಿಚಾರಿಸಿದರೆ ಸಿಗುವ ಉತ್ತರ ಅಷ್ಟು ಹಿತಕರವಾಗಿರಲಾರದು.

ಕತೆ ಹೆಚ್ಚುಕಡಿಮೆ ಒಂದೇ. ಹುಡುಗ ಬಿ.ಇ.ಯನ್ನೋ ಬಿ.ಸಿ.ಎ.ಯನ್ನೋ ಬಿ.ಕಾಂ.ಅನ್ನೋ ಮುಗಿಸುತ್ತಾನೆ. ಆ ಮನೆತನದಲ್ಲೇ ಅವನು ಮೊದಲ ಪದವೀಧರ. ಬೆಂಗಳೂರಿನ ಯಾವುದೋ ಕಂಪೆನಿಯಲ್ಲಿ ಇಪ್ಪತ್ತು ಸಾವಿರದ ಆಸುಪಾಸಿನ ಕೆಲಸ ಸಿಗುತ್ತದೆ. ಮನೆಯವರು ನೆರೆಹೊರೆಗೆಲ್ಲ ಸಿಹಿ ಹಂಚುತ್ತಾರೆ. ನಾಲ್ಕು ತಿಂಗಳ ಬಳಿಕ ಒಂದು ಶುಕ್ರವಾರ ಅವನು ಊರಿನ ಮಸೀದಿಯ ಸಾಲಿನಲ್ಲಿ ಕಾಣಿಸುತ್ತಾನೆ. ರಜೆಯೇ ಎಂದು ಕೇಳಿದರೆ, 'ಬಿಟ್ಟೆ, ಅಲ್ಲಿ ಸರಿ ಇರಲಿಲ್ಲ' ಎನ್ನುತ್ತಾನೆ. ಬಳಿಕ ಇನ್ನೊಂದು ಕೆಲಸ, ಅಲ್ಲಿ ಏಳು ತಿಂಗಳು. ಮತ್ತೊಂದು, ಅಲ್ಲಿ ಮೂರು ತಿಂಗಳು. ವಯಸ್ಸು ಇಪ್ಪತ್ತಾರಾಗುವಷ್ಟರಲ್ಲಿ ಆತ ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತಾನೆ, ಇಲ್ಲವೇ ಗಲ್ಫ್‌ನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬೆಲೆಚೀಟಿ ಅಂಟಿಸುತ್ತಿರುತ್ತಾನೆ. ಅಂಗಡಿಯಾಗಲಿ ಸೂಪರ್ ಮಾರ್ಕೆಟ್ ಆಗಲಿ ಕೀಳಲ್ಲ. ಹಲಾಲ್ ಸಂಪಾದನೆಯ ಯಾವ ದಾರಿಯೂ ಕೀಳಲ್ಲ. ಆದರೆ ಅದಕ್ಕೆ ನಾಲ್ಕು ವರ್ಷಗಳ ಇಂಜಿನಿಯರಿಂಗ್, 'ಅರಿವು' ಯೋಜನೆಯ ಸಾಲ, ತಾಯಿಯ ಒತ್ತೆ ಇಟ್ಟ ಬಳೆ, ಇವೆಲ್ಲ ಬೇಕಿತ್ತೇ?

ವಿದ್ಯೆಯ ಬಾಗಿಲು ತೆರೆಯಲು ಈ ನಾಡಿನ ಮುಸ್ಲಿಮರು ಪಟ್ಟ ಶ್ರಮ ಸಣ್ಣದಲ್ಲ. ಭಟ್ಕಳದಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ 1919ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 2021ರಲ್ಲಿ ಅವರು ಇಹಲೋಕ ತ್ಯಜಿಸುವಾಗ ಆ ಹೆಸರು ರಾಜ್ಯದ ಮೂಲೆಮೂಲೆಗೂ ತಲುಪಿತ್ತು. ಆ ಪೀಳಿಗೆಯ ಎದುರು ಇದ್ದ ಪ್ರಶ್ನೆ, ನಮ್ಮ ಮಗು ಕಾಲೇಜಿನ ಗೇಟು ದಾಟುವುದು ಹೇಗೆ ಎಂಬುದಾಗಿತ್ತು. ಇಂದಿನ ಪ್ರಶ್ನೆ ಬೇರೆ. ಗೇಟಿನಿಂದ ಹೊರಬಂದ ಮಗು ಕಚೇರಿಯಲ್ಲಿ ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನು ನಾವು ಸಂಪೂರ್ಣವಾಗಿ ಇಪ್ಪತ್ತೆರಡು ವರ್ಷದ ಆ ಮಗುವಿನ ಹೆಗಲಿಗೇ ಹಾಕಿ ಕೈತೊಳೆದುಕೊಂಡಿದ್ದೇವೆ.

2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡಿಸಲಾದ ಸಾಚಾರ್ ಸಮಿತಿಯ ವರದಿಯನ್ನು ಭಾಷಣಗಳಲ್ಲಿ ಉಲ್ಲೇಖಿಸದವರಿಲ್ಲ. ಇಪ್ಪತ್ತು ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ, ಐ.ಎ.ಎಸ್.ನಲ್ಲಿ ಶೇ. 3, ಐ.ಪಿ.ಎಸ್.ನಲ್ಲಿ ಶೇ. 4 ಎಂಬ ಅಂಕಿಗಳು ಬಾಯಿಪಾಠವಾಗಿವೆ. ಆದರೆ ಅದೇ ವರದಿಯ ಇನ್ನೊಂದು ಅಂಕಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ದೇಶದ ಮುಸ್ಲಿಂ ದುಡಿಮೆಗಾರರಲ್ಲಿ ಸುಮಾರು ಶೇ. 61 ಮಂದಿ ಸ್ವಂತ ದುಡಿಮೆಯವರು. ಹಿಂದೂಗಳಲ್ಲಿ ಈ ಪ್ರಮಾಣ ಸುಮಾರು ಶೇ. 55. ಅಂದರೆ ಅಂಗಡಿ, ಗುಜರಿ, ಮೀನು, ಬಟ್ಟೆ, ಗ್ಯಾರೇಜು, ಆಟೋ, ಬೀಡಿ, ಹೊಲಿಗೆ. ಗೌರವದ ದುಡಿಮೆಗಳೇ ಎಲ್ಲವೂ. ಆದರೆ ಅಲ್ಲಿ ಹಾಜರಿ ಪುಸ್ತಕವಿಲ್ಲ. ರಜೆ ಅರ್ಜಿಯಿಲ್ಲ. ಮೇಲಧಿಕಾರಿಯಿಲ್ಲ. ವರ್ಷದ ಕೊನೆಗೆ ನಿಮ್ಮ ಕೆಲಸವನ್ನು ಅಳೆದು ಅಂಕ ಕೊಡುವ ಅಪ್ರೈಸಲ್ ಇಲ್ಲ. ಅಪ್ಪ ಬೈದರೆ ಸಂಜೆಗೆ ಮರೆತು ಒಟ್ಟಿಗೆ ಊಟ ಮಾಡುತ್ತಾರೆ.

ಇಂತಹ ಮನೆಯಿಂದ ಬಂದ ಹುಡುಗ ಮೊದಲ ದಿನ ಕಚೇರಿಗೆ ಹೋದಾಗ ಅವನ ತರಗತಿಯ ಇನ್ನೊಬ್ಬ ಹುಡುಗನಿಗಿಂತ ಪಾಠದಲ್ಲಿ ಹಿಂದಿರುವುದಿಲ್ಲ. ಹಿಂದಿರುವುದು ಬೇರೊಂದರಲ್ಲಿ. ಆ ಇನ್ನೊಬ್ಬನ ತಂದೆ ಮೂವತ್ತು ವರ್ಷ ಬ್ಯಾಂಕಿನಲ್ಲೋ ಶಾಲೆಯಲ್ಲೋ ವಿದ್ಯುತ್ ಇಲಾಖೆಯಲ್ಲೋ ದುಡಿದವರು. ಮೇಲಧಿಕಾರಿ ಸಿಡುಕಿದ ದಿನ ಮಗ ಫೋನ್ ಮಾಡಿದರೆ ಅವರು ನಗುತ್ತಾರೆ. 'ಇದು ಎಲ್ಲ ಕಡೆಯೂ ಇದ್ದದ್ದೇ, ನಾಳೆ ಬೆಳಗ್ಗೆ ಹೋಗಿ ತಪ್ಪನ್ನು ಸರಿಪಡಿಸಿ ತೋರಿಸು' ಎನ್ನುತ್ತಾರೆ. ನಮ್ಮ ಹುಡುಗ ಫೋನ್ ಮಾಡಿದಾಗ ತಂದೆಗೆ ಅದು ಅವಮಾನವಾಗಿ ಕೇಳಿಸುತ್ತದೆ. 'ಯಾರಿಂದಲೂ ಬೈಸಿಕೊಳ್ಳುವ ಗತಿ ನಮಗಿಲ್ಲ, ಬಾ ಮಗನೇ ಊರಿಗೆ' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಹದಿನಾರು ವರ್ಷಗಳ ಓದು ಬಸ್ಸು ಹತ್ತಿ ವಾಪಸು ಬರುತ್ತದೆ.

ಮೊದಲ ಕೆಲಸದಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ತಂದೆ ತಾಯಂದಿರು ತಿಳಿದುಕೊಂಡರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಮೊದಲ ಎರಡು ಮೂರು ತಿಂಗಳು ಹೊಸಬನಿಗೆ ಹೇಳಿಕೊಳ್ಳುವಂತಹ ಕೆಲಸವನ್ನು ಯಾರೂ ಕೊಡುವುದಿಲ್ಲ. ಹಳೆಯ ಕಡತ ಓದು, ಇವರು ಮಾಡುವುದನ್ನು ನೋಡು, ಈ ಪಟ್ಟಿಯನ್ನು ತಾಳೆ ನೋಡು, ಇಷ್ಟೇ. ಕಾಲೇಜಿನಲ್ಲಿ ಪ್ರತಿ ಸೆಮಿಸ್ಟರ್‌ಗೂ ಒಂದು ಫಲಿತಾಂಶ ಇತ್ತು. ಇಲ್ಲಿ ತಾನು ಸರಿಯಾಗಿದ್ದೇನೆಯೇ ತಪ್ಪಾಗಿದ್ದೇನೆಯೇ ಎಂದು ಹೇಳುವವರಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಇ-ಮೇಲ್ ಬರೆಯಲು ಅರ್ಧ ಗಂಟೆ. ಗೊತ್ತಿಲ್ಲ ಎಂದು ಕೇಳಲು ನಾಚಿಕೆ. ಕೇಳದೆ ಮಾಡಿದರೆ ತಪ್ಪು. ರಾತ್ರಿ ಪಿ.ಜಿ.ಯ ಮಂಚದಲ್ಲಿ ಮಲಗಿ, ತಾನು ಈ ಜಾಗಕ್ಕೆ ತಕ್ಕವನಲ್ಲವೆಂಬ ಕೊರಗು. ಇದು ಮುಸ್ಲಿಮನಿಗೆ ಮಾತ್ರ ಬರುವ ಕೊರಗಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಬಹಳಷ್ಟು ಮಂದಿ ಇದನ್ನು ದಾಟಿಯೇ ಬಂದಿರುತ್ತಾರೆ. ನಮ್ಮವನಿಗೆ ಅದನ್ನು ಹೇಳುವವರು ಯಾರೂ ಇಲ್ಲ ಎಂಬುದೇ ವ್ಯತ್ಯಾಸ.

ಹಾಗಾದರೆ ತಾರತಮ್ಯ ಎಂಬುದು ಇಲ್ಲವೇ? ಖಂಡಿತ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಉದ್ಯೋಗದ ಅರ್ಜಿಗಳ ಪೈಕಿ ಮೇಲ್ಜಾತಿ ಹಿಂದೂ ಹೆಸರಿನವಕ್ಕೆ ಸಿಕ್ಕಷ್ಟು ಕರೆಗಳು ಮುಸ್ಲಿಂ ಹೆಸರಿನವಕ್ಕೆ ಸಿಗಲಿಲ್ಲ. 2022ರಲ್ಲಿ ಲೆಡ್‌ಬೈ ಫೌಂಡೇಶನ್ ಬಹಿರಂಗಪಡಿಸಿದ ಪರೀಕ್ಷೆ ಇನ್ನೂ ಸ್ಪಷ್ಟ. ಒಂದೇ ಬಗೆಯ ಅರ್ಹತೆ ಬರೆದು ಎರಡು ಹೆಸರುಗಳಲ್ಲಿ ಸಾವಿರ ಉದ್ಯೋಗಗಳಿಗೆ ಅರ್ಜಿ ಹಾಕಿದಾಗ, ಹಿಂದೂ ಮಹಿಳೆಯ ಹೆಸರಿಗೆ 208 ಕಡೆಗಳಿಂದ ಅನುಕೂಲಕರ ಉತ್ತರ ಬಂತು, ಮುಸ್ಲಿಂ ಮಹಿಳೆಯ ಹೆಸರಿಗೆ 103 ಕಡೆಗಳಿಂದ ಮಾತ್ರ. ಸರಕಾರಗಳು ಮತ್ತು ಕಂಪೆನಿಗಳು ಇದಕ್ಕೆ ಉತ್ತರ ಕೊಡಬೇಕಾಗಿದೆ. ಆ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರುತ್ತೇವೆ. ಆದರೆ ಈ ಅಂಕಿಗಳೇ ಇನ್ನೊಂದು ಮಾತನ್ನೂ ಹೇಳುತ್ತವೆ. ಇಷ್ಟು ಕಷ್ಟದಿಂದ ತೆರೆದ ಬಾಗಿಲನ್ನು ನಾಲ್ಕೇ ತಿಂಗಳಲ್ಲಿ ನಾವೇ ಮುಚ್ಚಿಕೊಂಡು ಬರುವುದು ಎಷ್ಟು ದುಬಾರಿಯ ನಿರ್ಧಾರ! ಇನ್ನೂ ಒಂದು ಕಹಿ ಸತ್ಯವನ್ನು ಹೇಳಬೇಕು. ಕಚೇರಿಯ ಪ್ರತಿಯೊಂದು ಸಿಡುಕಿಗೂ ಧರ್ಮವೇ ಕಾರಣವೆಂದು ನಂಬುವ ಅಭ್ಯಾಸ ನಮ್ಮ ಯುವಕರಲ್ಲಿ ಬೆಳೆಯುತ್ತಿದೆ. ಅದೇ ಮೇಜಿನ ಆಚೆಗೆ ಕುಳಿತ ಬೇರೆ ಹೆಸರಿನ ಹೊಸಬನಿಗೂ ಅದೇ ಬೈಗುಳ ಬೀಳುತ್ತಿದೆಯೇ ಎಂದು ಒಂದು ತಿಂಗಳು ಗಮನಿಸಿ. ಬೀಳುತ್ತಿದ್ದರೆ ಅದು ಕೆಲಸದ ಬೈಗುಳ. ನಿಮಗೆ ಮಾತ್ರ ಬೀಳುತ್ತಿದ್ದರೆ ದಿನಾಂಕ ಸಹಿತ ಬರೆದಿಡಿ, ಹಿರಿಯರೊಬ್ಬರಿಗೆ ತೋರಿಸಿ, ಲಿಖಿತ ದೂರು ಕೊಡಿ. ಮೌನವಾಗಿ ಎದ್ದು ಬಂದರೆ ಆ ಎರಡರಲ್ಲಿ ಯಾವುದಕ್ಕೂ ಪರಿಹಾರ ಸಿಗುವುದಿಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಪ್ರವಾದಿ ಮೂಸಾ(ಅ)ರ ಮದ್‌ಯನ್ ವಾಸವನ್ನು ಖತೀಬರು ಹಲವು ಬಾರಿ ವಿವರಿಸಿರುತ್ತಾರೆ. ಅರಮನೆಯಲ್ಲಿ ಬೆಳೆದ ಯುವಕ ಅಪರಿಚಿತ ಊರಿಗೆ ಬರಿಗೈಯಲ್ಲಿ ಬರುತ್ತಾರೆ. ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸುತ್ತಾರೆ. ಅವರಲ್ಲೊಬ್ಬಳು ತನ್ನ ತಂದೆಯೊಡನೆ, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಶಿಫಾರಸು ಮಾಡುವಾಗ ಕೊಟ್ಟ ಕಾರಣಗಳು ಎರಡು: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಬಳಿಕ ಆದ ಕರಾರು ಎಂಟು ವರ್ಷಗಳದ್ದು, ಇಷ್ಟವಿದ್ದರೆ ಹತ್ತು. ಅರಮನೆಯಲ್ಲಿ ಬೆಳೆದವರು ಅಷ್ಟು ವರ್ಷ ಬೇರೊಬ್ಬರ ಮನೆಯಲ್ಲಿ ದುಡಿದರು. ಈ ಕಥನವನ್ನು ನಮ್ಮ ಮಿಂಬರ್‌ಗಳಿಂದ ಕೇಳಿ ಭಾವುಕರಾಗುವ ನಾವು, ಇಂಜಿನಿಯರ್ ಮಗನಿಗೆ ಎಂಟು ತಿಂಗಳು ಸಣ್ಣ ಕೆಲಸ ಮಾಡುವ ತಾಳ್ಮೆಯನ್ನು ಕಲಿಸುವುದಿಲ್ಲ.

ತಾಳ್ಮೆ ನಮಗೆ ಗೊತ್ತಿಲ್ಲವೆಂದಲ್ಲ. ಮಗುವನ್ನು ಹಿಫ್ಝ್‌ಗೆ ಸೇರಿಸಿದ ಮನೆಗಳನ್ನು ನೋಡಿ. ದಿನಕ್ಕೆ ಅರ್ಧ ಪುಟ, ಮರುದಿನ ನಿನ್ನೆಯದ್ದರ ಪುನರಾವರ್ತನೆ, ವಾರದ ಕೊನೆಗೆ ಹಿಂದಿನದ್ದೆಲ್ಲ ಮತ್ತೊಮ್ಮೆ. ಮೂರು ನಾಲ್ಕು ವರ್ಷ ಹೀಗೆಯೇ ಸಾಗುತ್ತದೆ. ಉಸ್ತಾದರು ತಪ್ಪು ಹಿಡಿದರೆ ಯಾವ ತಂದೆಯೂ ಅದನ್ನು ಮನೆತನದ ಅವಮಾನವೆಂದು ತಿಳಿಯುವುದಿಲ್ಲ. ಮಗು ಅಳುತ್ತಾ ಫೋನ್ ಮಾಡಿದರೆ ತಾಯಿ ತಾನೂ ಅಳುತ್ತಾಳೆ, ಆದರೆ ಬಾ ಎನ್ನುವುದಿಲ್ಲ. ಹಾಫಿಝ್ ಆಗುವ ಮಗನಿಗಾಗಿ ಕಾಯಬಲ್ಲ ತಾಯಿ, ಲೆಕ್ಕಪತ್ರ ಕಲಿಯುವ ಮಗನಿಗಾಗಿ ಯಾಕೆ ಕಾಯಲಾರಳು? ಆ ಕಲಿಕೆಯ ಹಂತಗಳು ಅವಳಿಗೆ ಗೊತ್ತಿವೆ. ಈ ಕಲಿಕೆಯ ಹಂತಗಳನ್ನು ಅವಳಿಗೆ ಯಾರೂ ವಿವರಿಸಿಲ್ಲ, ಅಷ್ಟೇ.

ಮನೆಯಿಂದ ಹೋಗುವ ಫೋನ್ ಕರೆಗಳ ಬಗ್ಗೆಯೂ ಒಂದು ಮಾತು. ಸಂಬಳ ಎಷ್ಟು, ಉಳಿದದ್ದೆಷ್ಟು, ಮನೆಗೆ ಕಳುಹಿಸುವುದೆಷ್ಟು, ಇಷ್ಟರಲ್ಲೇ ಮಾತು ಮುಗಿಯುತ್ತದೆ. ಬೆಂಗಳೂರಿನ ಬಾಡಿಗೆ, ಊಟ, ಬಸ್ಸು ಕಳೆದರೆ ಇಪ್ಪತ್ತು ಸಾವಿರದಲ್ಲಿ ಏನು ಉಳಿಯುತ್ತದೆಂದು ಲೆಕ್ಕ ಹಾಕಲು ವಾಣಿಜ್ಯ ಪದವಿ ಬೇಕಿಲ್ಲ. ಅಷ್ಟರಲ್ಲಿ ದುಬೈಯಿಂದ ಮಾವನ ಕರೆ ಬರುತ್ತದೆ, ವೀಸಾ ಇದೆ, ಕೂಡಲೇ ಹೊರಡು. ಗಲ್ಫ್ ನಮ್ಮ ಕರಾವಳಿಗೆ ಕೊಟ್ಟದ್ದನ್ನು ಅಲ್ಲಗಳೆಯುವ ಕೃತಘ್ನರು ನಾವಲ್ಲ. ಆದರೆ 2011ರಲ್ಲಿ ಸೌದಿ ಅರೇಬಿಯಾ ನಿತಾಖಾತ್ ಜಾರಿಗೊಳಿಸಿದ ನಂತರ, ಮತ್ತೆ 2020ರ ಕೋವಿಡ್ ಕಾಲದಲ್ಲಿ, ಮೊದಲು ಊರಿಗೆ ಮರಳಬೇಕಾಗಿ ಬಂದವರಲ್ಲಿ ಹೇಳಿಕೊಳ್ಳುವ ಅನುಭವ ಪತ್ರವಿಲ್ಲದೆ ಹೋದವರೇ ಬಹಳವಿದ್ದರು. ಇಲ್ಲಿ ಎರಡು ವರ್ಷ ಒಂದೇ ಕಡೆ ದುಡಿದು, ಕ್ರಮಬದ್ಧವಾಗಿ ನೋಟೀಸ್ ಕೊಟ್ಟು, ಬಿಡುಗಡೆ ಪತ್ರ ಪಡೆದು ಹೋದವನಿಗೆ ಅಲ್ಲಿಯೂ ಸಿಗುವ ಕೆಲಸವೇ ಬೇರೆ. ಫೋನಿನಲ್ಲೇ ರಾಜೀನಾಮೆ ಹೇಳಿ ಮರುದಿನದಿಂದ ಹೋಗದಿರುವ ಹುಡುಗ, ಮುಂದಿನ ಕಂಪೆನಿಯವರು ಹಿಂದಿನ ದಾಖಲೆ ಕೇಳಿದಾಗ ತಲೆ ತಗ್ಗಿಸಬೇಕಾಗುತ್ತದೆ. ತಂಗಿಯ ಮದುವೆಯ ಸಾಲ ತೀರಿಸಲೆಂದೇ ಕೈಯಲ್ಲಿದ್ದ ಕೆಲಸ ಬಿಟ್ಟು ವಿಮಾನ ಹತ್ತಿದವರ ಬಗ್ಗೆ ಬರೆಯಹೊರಟರೆ ಅದು ನಮ್ಮ ಮದುವೆಗಳ ಕುರಿತ ಬೇರೆಯೇ ಸಂಪಾದಕೀಯವಾದೀತು.

ಹೆಣ್ಣುಮಕ್ಕಳ ವಿಷಯ ಇನ್ನಷ್ಟು ಗಂಭೀರ. 2022ರಲ್ಲಿ ಶಿರವಸ್ತ್ರದ ಹೆಸರಿನಲ್ಲಿ ತರಗತಿಯ ಹೊರಗೆ ನಿಲ್ಲಿಸಲ್ಪಟ್ಟ ಮಕ್ಕಳಲ್ಲಿ ಹಲವರು ಛಲ ಬಿಡದೆ ಓದು ಮುಗಿಸಿದ್ದಾರೆ. ಅಷ್ಟು ದಾಟಿ ಬಂದವಳು ಕೆಲಸಕ್ಕೆ ಸೇರಿದಾಗ ಅವಳನ್ನು ಹಿಂದಕ್ಕೆಳೆಯುವುದು ಹೊರಗಿನವರು ಮಾತ್ರವಲ್ಲ. 'ಮದುವೆಯವರೆಗೆ ಹೋಗಲಿ' ಎಂಬ ಮನೆಯವರ ಒಂದು ಮಾತು ಅವಳ ಉತ್ಸಾಹವನ್ನು ಮೊದಲ ದಿನವೇ ಕುಂದಿಸುತ್ತದೆ. ಮುಂದಿನ ವರ್ಷ ಇರುವುದಿಲ್ಲವೆಂದು ಗೊತ್ತಿದ್ದವಳು ಏನನ್ನು ಮನಸ್ಸಿಟ್ಟು ಕಲಿತಾಳು? ನಿಖಾಹ್‌ಗೆ ಮೊದಲು ಒಪ್ಪಿಕೊಂಡ ಮಾತನ್ನು ಮೂರು ತಿಂಗಳ ಬಳಿಕ ಮರೆಯುವ ಗಂಡನ ಮನೆಯವರಿಗೆ, ಕರಾರು ಪಾಲನೆ ಎಂಬುದು ದೀನ್‌ನ ಭಾಗವೆಂದು ಯಾರು ನೆನಪಿಸಬೇಕು? ಅವಳ ಸಂಪಾದನೆ ಶರೀಅತ್‌ನ ಪ್ರಕಾರ ಅವಳದ್ದೇ ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಿಬಿಡಬೇಕು. ಇನ್ನು ಸುರಕ್ಷೆಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಕೆಲಸ ಬಿಡಿಸುವುದೊಂದೇ ದಾರಿಯಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಮಗಳು ಸೇರುವ ಕಡೆ ಆ ಸಮಿತಿ ಇದೆಯೇ ಎಂದು ಮೊದಲೇ ವಿಚಾರಿಸುವ ತಂದೆಯರು ನಮ್ಮಲ್ಲಿ ಎಷ್ಟು ಮಂದಿ?

ಇಷ್ಟು ಹೇಳಿ, ನಮ್ಮವರೇ ಆದ ಮಾಲಕರನ್ನು ಬಿಟ್ಟರೆ ಅನ್ಯಾಯವಾದೀತು. ಆಸ್ಪತ್ರೆ, ಶಾಲೆ, ಕಟ್ಟಡ ನಿರ್ಮಾಣ, ಜವಳಿ, ಇವೆಲ್ಲವುಗಳಲ್ಲಿ ಸಮುದಾಯದ ಉದ್ಯಮಿಗಳಿದ್ದಾರೆ. 'ನಮ್ಮ ಹುಡುಗ' ಎಂಬ ಅಭಿಮಾನದಿಂದ ಕೆಲಸ ಕೊಡುತ್ತಾರೆ. ಆದರೆ ಅಭಿಮಾನದ ಹೆಸರಿನಲ್ಲಿ ನೇಮಕಾತಿ ಪತ್ರ ಕೊಡುವುದಿಲ್ಲ. ಸಂಬಳದ ದಿನಾಂಕ ನಿಶ್ಚಯವಿರುವುದಿಲ್ಲ. ಲೆಕ್ಕಪತ್ರಕ್ಕೆಂದು ಸೇರಿದವನು ಮಾಲಕರ ಮನೆಯ ಗ್ಯಾಸ್ ಸಿಲಿಂಡರ್ ತರಬೇಕು. ಕೆಲವು ಕಡೆ ಮೂಲ ಅಂಕಪಟ್ಟಿಗಳನ್ನೇ ತೆಗೆದಿಟ್ಟುಕೊಳ್ಳುತ್ತಾರೆ. ಹ. ಅನಸ್(ರ) ಬಾಲಕರಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದರು. ಅಷ್ಟೂ ಕಾಲದಲ್ಲಿ ಒಮ್ಮೆಯೂ 'ಛೆ' ಎಂಬ ಮಾತನ್ನು ಕೇಳಲಿಲ್ಲವೆಂದು, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂಬ ಆಕ್ಷೇಪ ಬರಲಿಲ್ಲವೆಂದು ಅವರೇ ನೆನಪಿಸಿಕೊಂಡಿದ್ದಾರೆ. ನಮ್ಮ ಮಾಲಕರಿಂದ ಅಷ್ಟನ್ನು ನಿರೀಕ್ಷಿಸುವುದು ಅತಿಯಾದೀತು. ಒಂದು ನೇಮಕಾತಿ ಪತ್ರ, ಕೆಲಸ ಕಲಿಸಲು ಒಬ್ಬ ಹಿರಿಯ, ತಿಂಗಳ ನಿಗದಿತ ದಿನ ಸಂಬಳ, ತಪ್ಪನ್ನು ನಾಲ್ಕು ಜನರೆದುರು ಹೇಳದೆ ಪ್ರತ್ಯೇಕವಾಗಿ ಕರೆದು ಹೇಳುವ ಸೌಜನ್ಯ. ಇಷ್ಟಿದ್ದರೆ ಹೊಸಬ ನಿಲ್ಲುತ್ತಾನೆ.

ಯುವಕರಿಗೂ ನೇರವಾಗಿ ಹೇಳಬೇಕಾದದ್ದಿದೆ. ಶುಕ್ರವಾರದ ನಮಾಝ್‌ಗೆ ಬಿಡುವು ಬೇಕಾದರೆ ಮೊದಲ ವಾರದಲ್ಲೇ ಮೇಲಧಿಕಾರಿಯನ್ನು ಮುಖತಃ ಕೇಳಿ, ಆ ಸಮಯವನ್ನು ಸಂಜೆ ತುಂಬಿಕೊಡುವುದಾಗಿ ತಿಳಿಸಿ. ತಿಳಿಸಿದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ. ಹೇಳದೆ ನುಸುಳಿ ಹೋಗುವವನು, ನಲವತ್ತು ನಿಮಿಷದ ಜುಮಾವನ್ನು ಬಿರಿಯಾನಿ ಸಹಿತ ಎರಡು ಗಂಟೆಗೆ ಹಿಗ್ಗಿಸುವವನು, ತನ್ನ ನಂತರ ಬರುವ ಮುಸ್ಲಿಮನ ಬಾಗಿಲನ್ನೂ ಮುಚ್ಚುತ್ತಾನೆ. ಬ್ಯಾಂಕು, ವಿಮೆ ಮುಂತಾದ ಕ್ಷೇತ್ರಗಳ ಬಗ್ಗೆ ಧಾರ್ಮಿಕ ಸಂದೇಹವಿದ್ದರೆ ಸೇರುವ ಮೊದಲೇ ವಿದ್ವಾಂಸರಲ್ಲಿ ಕೇಳಿ ನಿಶ್ಚಯಿಸಿಕೊಳ್ಳಿ, ಕೆಲಸ ಬೇಸರವಾದ ಆರನೇ ತಿಂಗಳಲ್ಲಿ ಫತ್ವಾ ಹುಡುಕಬೇಡಿ. ದಿನದ ಕೊನೆಗೆ ಅಂದು ಕಲಿತದ್ದನ್ನು ಎರಡು ಸಾಲು ಬರೆದಿಡಿ. ಮೂರು ತಿಂಗಳ ಬಳಿಕ ಅದನ್ನು ಓದಿದವನಿಗೆ ತಾನು ನಿಂತಲ್ಲೇ ನಿಂತಿಲ್ಲವೆಂಬುದು ಬೇರೆ ಯಾರೂ ಹೇಳದೆಯೇ ತಿಳಿಯುತ್ತದೆ. ಎಂತಹ ಕೆಲಸವಾದರೂ ಅಂಟಿಕೊಂಡಿರಿ ಎಂದು ನಾವು ಹೇಳುತ್ತಿಲ್ಲ. ಎರಡು ತಿಂಗಳು ಸಂಬಳ ಕೊಡದ ಕಡೆ, ಸುಳ್ಳು ಲೆಕ್ಕ ಬರೆಸುವ ಕಡೆ, ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳುವ ಕಡೆ, ಮಾನ ತೆಗೆಯುವ ಕಡೆ ನಿಲ್ಲಬೇಕಾಗಿಲ್ಲ. ಆದರೆ ಇನ್ನೊಂದು ಕೆಲಸವನ್ನು ಕೈಯಲ್ಲಿ ಹಿಡಿದೇ ಬಿಡಿ.

ಸರಕಾರ ಈ ಹಂತದಲ್ಲಿ ಮಾಡುತ್ತಿರುವುದೇನು? 2024ರ ಜನವರಿಯಲ್ಲಿ ಹಣ ಪಾವತಿ ಆರಂಭವಾದ ರಾಜ್ಯದ ಯುವನಿಧಿ, ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯೋಜನೆ. ಕಾಯುವವನಿಗೆ ಅದು ಆಸರೆ. ಸೇರಿದವನನ್ನು ನಿಲ್ಲಿಸುವ ಕೆಲಸ ಯಾವ ಇಲಾಖೆಯದ್ದೂ ಅಲ್ಲ. ಅದು ಮೊಹಲ್ಲಾದ ಕೆಲಸ. ಅದಕ್ಕಾಗಿ ಹೊಸ ಸಂಘಟನೆ, ಲೆಟರ್‌ಹೆಡ್, ಪದಾಧಿಕಾರಿಗಳ ಚುನಾವಣೆ ದಯವಿಟ್ಟು ಬೇಡ. ಪ್ರತಿಯೊಂದು ಜಮಾಅತ್‌ನಲ್ಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ನೌಕರಿ ಮಾಡಿದ ನಾಲ್ಕೈದು ಮಂದಿಯಾದರೂ ಇದ್ದಾರೆ. ನಿವೃತ್ತ ಶಿಕ್ಷಕ, ಲ್ಯಾಬ್ ಟೆಕ್ನಿಷಿಯನ್, ಅಂಚೆ ಕಚೇರಿಯ ಗುಮಾಸ್ತ, ಬೆಂಗಳೂರಿನಲ್ಲಿ ನೆಲೆಸಿದ ಸಾಫ್ಟ್‌ವೇರ್ ಇಂಜಿನಿಯರ್, ಯಾರಾದರೂ ಆದೀತು. ಒಬ್ಬೊಬ್ಬರೂ ಈ ವರ್ಷ ಕೆಲಸಕ್ಕೆ ಸೇರಿದ ಇಬ್ಬರ ಹೆಸರನ್ನು ಬರೆದುಕೊಳ್ಳಲಿ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಲಿ. ಹುಡುಗಿಯರಿಗೆ ಮಹಿಳೆಯರೇ ಮಾಡಲಿ. ರಾಜೀನಾಮೆ ಬರೆಯುವ ಮೊದಲು ಆ ಒಬ್ಬರಿಗೆ ತಿಳಿಸುವುದೆಂಬ ಒಪ್ಪಂದವೊಂದಿರಲಿ. ಪ್ರತಿಭಾ ಪುರಸ್ಕಾರದ ಒಂದು ಸಭೆಗೆ ತಗಲುವ ಶಾಮಿಯಾನದ ಖರ್ಚೂ ಇದಕ್ಕಿಲ್ಲ.

ಬರುವ ಈದ್‌ಗೆ ಬೆಂಗಳೂರಿನ ರಾತ್ರಿ ಬಸ್ಸುಗಳು ಮಂಗಳೂರು, ಭಟ್ಕಳ, ಶಿವಮೊಗ್ಗ, ಕಲಬುರಗಿಗಳಲ್ಲಿ ಈ ಮಕ್ಕಳನ್ನು ಇಳಿಸಿ ಹೋಗಲಿವೆ. ಜಮಾಅತ್ ಸಮಿತಿಗಳು ಹಬ್ಬದ ಮರುದಿನ ಅಸರ್ ನಮಾಝ್‌ನ ನಂತರ ಅವರನ್ನೂ ಆ ನಾಲ್ಕೈದು ಹಿರಿಯರನ್ನೂ ಮಸೀದಿಯ ಹಜಾರದಲ್ಲಿ ಒಂದು ಗಂಟೆ ಕೂರಿಸಲಿ. ಭಾಷಣ ಬೇಡ, ಅಧ್ಯಕ್ಷತೆಯೂ ಬೇಡ. ಕೆಲಸ ಹೇಗಿದೆ ಎಂದು ಕೇಳಿ ಹಿರಿಯರು ಸುಮ್ಮನಿರಲಿ, ಮಕ್ಕಳು ಮಾತಾಡಲಿ.